ಆ ನಲವತ್ತು ದಿನಗಳ ಋಣ

ಇತ್ತೀಚೆಗೆ ಮದುವೆಯ ಮನೆಗಳಲ್ಲಿ, ಹಬ್ಬದೂಟದ ಪಂಕ್ತಿಗಳಲ್ಲಿ, ವಾಳೆಯ ಕೂಟಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: “ಏನೇ ಹೇಳಿ ಫಾದರ್, ಲಾಕ್‌ಡೌನ್‌ನ ಆ ಮೊದಲ ದಿನಗಳು ಒಂದು ರೀತಿಯಲ್ಲಿ ಚೆನ್ನಾಗಿಯೇ ಇದ್ದವು. ಮನೆಯವರೆಲ್ಲ ಒಟ್ಟಿಗಿದ್ದೆವು. ದೇವರಿಗೆ ಸ್ತೋತ್ರ.” ಹೀಗೆ ಹೇಳುವವರು ಸಜ್ಜನರು, ಭಕ್ತಿವಂತರು. ಆದರೂ ಈ ಮಾತಿಗೆ ತಲೆಯಾಡಿಸುವ ಮುನ್ನ ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಅವಶ್ಯವೆಂದು ನನ್ನ ಭಾವನೆ. ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡ ಮಹಾಮಾರಿಯೊಂದರ ಆರಂಭದ ದಿನಗಳನ್ನು ನೆನೆದು ಕೃತಜ್ಞತೆ ಸಲ್ಲಿಸುವುದೆಂದರೇನು? ಯಾವುದಕ್ಕಾಗಿ ಈ ಕೃತಜ್ಞತೆ? ಯಾರಿಗೆ? ಕ್ರೈಸ್ತನ ಬಾಯಲ್ಲಿ ಅದಕ್ಕೆ ಅರ್ಥವಿದೆಯೇ, ಅಥವಾ ಅದು ಹೇಗೋ ಪಾರಾದವನ ನಿಟ್ಟುಸಿರು ಮಾತ್ರವೇ?

ಮೊದಲು ಆ ದಿನಗಳನ್ನು ಇದ್ದಂತೆ ನೆನಪಿಸಿಕೊಳ್ಳೋಣ. 2020ರ ಫೆಬ್ರವರಿ 26ರಂದು ವಿಭೂತಿ ಬುಧವಾರ. ಹಣೆಯ ಮೇಲೆ ಬೂದಿ ಹಚ್ಚಿಸಿಕೊಂಡಾಗ ಚೀನದ ಒಂದು ಪಟ್ಟಣದ ರೋಗವು ನಮ್ಮ ಚರ್ಚಿನ ಬಾಗಿಲನ್ನೇ ಮುಚ್ಚಿಸೀತೆಂದು ಯಾರೂ ಎಣಿಸಿರಲಿಲ್ಲ. ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ಮೃತರಾದರು. ಭಾರತದಲ್ಲಿ ಕೋವಿಡ್‌ಗೆ ಬಲಿಯಾದವರಲ್ಲಿ ಮೊದಲಿಗರು ಅವರೆಂದು ಎರಡು ದಿನಗಳ ನಂತರ ದೃಢಪಟ್ಟಿತು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಾಗತಿಕ ಪಿಡುಗೆಂದು ಸಾರಿತು. 22ರ ಭಾನುವಾರ ಜನತಾ ಕರ್ಫ್ಯೂ. ಸಂಜೆ 5 ಗಂಟೆಗೆ ಚಪ್ಪಾಳೆ, ಜಾಗಟೆ, ತಟ್ಟೆಗಳ ಸದ್ದು. 24ರ ರಾತ್ರಿ 8 ಗಂಟೆಗೆ ಪ್ರಧಾನಿಯವರ ಭಾಷಣ. ನಾಲ್ಕು ಗಂಟೆಗಳ ತರುವಾಯ ದೇಶವೇ ಮನೆಯೊಳಗೆ. ಬಾಗಿಲು ಮುಚ್ಚಿದ ಮೊದಲ ದಿನ, ಮಾರ್ಚ್ 25, ನಮ್ಮ ಹಿಂದೂ ಬಾಂಧವರಿಗೆ ಯುಗಾದಿ. ನಮಗೆ ಅದು ನಜರೇತಿನ ಕನ್ಯೆಗೆ ದೇವದೂತನು ಶುಭವಾರ್ತೆ ತಂದ ಹಬ್ಬ. ಆ ವಾರ್ತೆ ಬಂದದ್ದು ಜೆರುಸಲೇಮಿನ ದೇವಾಲಯಕ್ಕಲ್ಲ, ಹಳ್ಳಿಯೊಂದರ ಮನೆಗೆ.

ಮೊದಲ ಹಂತ 21 ದಿನ, ಎರಡನೆಯ ಹಂತ ಮೇ 3ರವರೆಗೆ 19 ದಿನ. ಕೂಡಿಸಿದರೆ ಸರಿಯಾಗಿ ನಲವತ್ತು. ‘ಕ್ವಾರಂಟೈನ್’ ಎಂಬ ಶಬ್ದದ ಮೂಲವೂ ಅದೇ. 1377ರಲ್ಲಿ ಆದ್ರಿಯಾ ಸಮುದ್ರದ ದಡದ ರಗೂಸ ಪಟ್ಟಣವು ಪ್ಲೇಗಿನ ಊರುಗಳಿಂದ ಬರುವವರನ್ನು ಮೂವತ್ತು ದಿನ ಹೊರಗಿರಿಸುವ ಕಟ್ಟಳೆ ಮಾಡಿತು. ಮುಂದೆ ಅವಧಿ ನಲವತ್ತು ದಿನಗಳಿಗೆ ಬೆಳೆಯಿತು, ವೆನಿಸಿನವರ ಭಾಷೆಯ ‘ನಲವತ್ತು’ ಎಂಬ ಪದವೇ ಹೆಸರಾಗಿ ನಿಂತಿತು. ತಪಸ್ಸುಕಾಲದ ನಲವತ್ತು ದಿನಗಳನ್ನು ವರ್ಷವರ್ಷವೂ ಎಣಿಸುವ ನಮಗೆ ಈ ಲೆಕ್ಕ ಅಪರಿಚಿತವಲ್ಲ. ಅಪರಿಚಿತವಾಗಿದ್ದುದು ನಮ್ಮ ಮನೆಯೇ.

ಹೌದು, ಅನೇಕ ಕುಟುಂಬಗಳು ತಮ್ಮ ಮನೆಯನ್ನು ಕಂಡದ್ದು ಆಗಲೇ. ಬೆಳಿಗ್ಗೆ ಮಕ್ಕಳು ಏಳುವ ಮುನ್ನ ಹೊರಟು ರಾತ್ರಿ ಅವರು ಮಲಗಿದ ಮೇಲೆ ಬರುತ್ತಿದ್ದ ತಂದೆಯ ಮುಖವನ್ನು ಮಕ್ಕಳು ಹಗಲು ಬೆಳಕಿನಲ್ಲಿ ನೋಡಿದರು. ಮೀನು ಮಾರುಕಟ್ಟೆ ಮುಚ್ಚಿತ್ತು. ಗಂಜಿಯೊಂದಿಗೆ ಒಣಮೀನಿನ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಮೇಜಿಗೆ ಬಂದವು. ಗುಜ್ಜೆಯನ್ನು ಇಷ್ಟು ವಿಧವಾಗಿ ಬೇಯಿಸಬಹುದೆಂದು ಹೊಸ ತಲೆಮಾರಿನ ಗೃಹಸ್ಥರಿಗೆ ತಿಳಿದದ್ದೇ ಆ ಏಪ್ರಿಲಿನಲ್ಲಿ. ಸಂಜೆಯ ಜಪಮಾಲೆ ಮರಳಿ ಬಂತು. ಜಪಮಾಲೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್’ ಬೇಡುವ ನಮ್ಮ ಹಳೆಯ ರೂಢಿ ಎಷ್ಟೋ ಮನೆಗಳಲ್ಲಿ ಅಜ್ಜಿಯರೊಂದಿಗೇ ಮಣ್ಣಾಗಿತ್ತು; ಅದೂ ಕೆಲವೆಡೆ ಮರಳಿತು. ಹದಿನಾರರ ಹುಡುಗ ತಂದೆಯ ಮುಂದೆ ತಲೆಬಾಗುವುದು ಸುಲಭವಲ್ಲ. ತಲೆಬಾಗಿದ ಹುಡುಗನ ಮೇಲೆ ಕೈಯಿಟ್ಟು ಆಶೀರ್ವದಿಸುವುದು ತಂದೆಗೂ ಅಷ್ಟೇ ಕಷ್ಟ. ಆಶೀರ್ವದಿಸುವ ಕೈ ಆಮೇಲೆ ಅದೇ ಹುಡುಗನ ಮೇಲೆ ಹೊಡೆಯಲು ಏಳುವಾಗ ಒಂದು ಕ್ಷಣ ತಡೆಯುತ್ತದಲ್ಲವೇ?

ಬಲಿಪೂಜೆ ದೂರದರ್ಶನದಲ್ಲಿ, ಮೊಬೈಲಿನ ಪುಟ್ಟ ಪರದೆಯಲ್ಲಿ ನಡೆಯಿತು. ಮೇಜಿಗೆ ಬಿಳಿಯ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಮೊಬೈಲನ್ನು ಶಿಲುಬೆಗೆ ಒರಗಿಸಿ ಮೊಣಕಾಲೂರಿದ ಕುಟುಂಬಗಳನ್ನು ನಗೆಯಾಡಿದವರಿದ್ದಾರೆ. ಅವರಿಗೆ ಇತಿಹಾಸ ತಿಳಿಯದು. 1576ರಲ್ಲಿ ಮಿಲಾನಿನಲ್ಲಿ ಪ್ಲೇಗು ಹಬ್ಬಿ ಜನರು ಮನೆಯೊಳಗೆ ಬಂದಿಗಳಾದಾಗ ಆ ನಗರದ ಮಹಾಧರ್ಮಾಧ್ಯಕ್ಷ ಸಂತ ಚಾರ್ಲ್ಸ್ ಬೊರೋಮಿಯೋ ಬೀದಿಯ ಕೂಡುಗಳಲ್ಲಿ ಪೂಜಾಪೀಠಗಳನ್ನು ಕಟ್ಟಿಸಿದರು. ಜನರು ಕಿಟಕಿಗಳಿಂದಲೇ ಪೂಜೆಯಲ್ಲಿ ಭಾಗಿಯಾದರು. ಕಿಟಕಿ ಚಿಕ್ಕದಾಯಿತು, ಅಷ್ಟೇ ವ್ಯತ್ಯಾಸ. ಆ ವರ್ಷದ ಪವಿತ್ರ ಗುರುವಾರ, ಏಪ್ರಿಲ್ 9ರಂದು, ಪಾದ ತೊಳೆಯುವ ವಿಧಿಯನ್ನು ಕೈಬಿಡಬೇಕೆಂದು ರೋಮಿನಿಂದ ಆದೇಶವಾಗಿತ್ತು. ಚರ್ಚುಗಳಲ್ಲಿ ಅದು ನಡೆಯಲಿಲ್ಲ. ಕೆಲವು ಮನೆಗಳಲ್ಲಿ ನಡೆಯಿತು: ಗಂಡನು ಹೆಂಡತಿಯ ಪಾದ ತೊಳೆದನು. ದೇವಶಾಸ್ತ್ರದ ಗ್ರಂಥಗಳಲ್ಲಿ ‘ಕುಟುಂಬವೇ ಚಿಕ್ಕ ಧರ್ಮಸಭೆ’ ಎಂದು ನಾವು ಓದಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಇಷ್ಟು ನಿಜ. ಇವುಗಳಿಗಾಗಿ ದೇವರನ್ನು ಸ್ತುತಿಸುವುದು ತಪ್ಪಲ್ಲ. ಆದರೆ ಸೆಮಿನರಿಯಲ್ಲಿ ನಮಗೆ ತರ್ಕ ಕಲಿಸಿದ ಗುರುಗಳು, ಪದಗಳ ಭೇದ ತಿಳಿಯದೆ ವಾದಕ್ಕಿಳಿಯಬೇಡಿ ಎಂದು ಸದಾ ಎಚ್ಚರಿಸುತ್ತಿದ್ದರು. ಅದರಂತೆ ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಬೇಕು: ನಿರಾಳ ಮತ್ತು ಕೃತಜ್ಞತೆ. ಹೊಡೆತವು ನನಗೆ ತಗಲದೆ ಪಕ್ಕದವನಿಗೆ ತಗಲಿದಾಗ ನನಗಾಗುವುದು ನಿರಾಳ. ಅದು ಸಹಜವಾದದ್ದು, ಪಾಪವೇನಲ್ಲ. ಆದರೆ ಅದನ್ನು ಕೃತಜ್ಞತೆಯೆಂದು ಕರೆದು ದೇವರ ಮುಂದಿಟ್ಟರೆ ಗೊಂದಲ ಪ್ರಾರಂಭವಾಗುತ್ತದೆ. ಆ ಮಾರ್ಚಿನಲ್ಲಿ ನಮ್ಮ ಮೊಬೈಲುಗಳಲ್ಲಿ ಹರಿದಾಡಿದ ಸಂದೇಶಗಳನ್ನು ನೆನಪಿಸಿಕೊಳ್ಳಿ. ನಿಮಗೆ ತಲೆಯ ಮೇಲೊಂದು ಸೂರಿದೆಯೇ, ಡಬ್ಬಿಯಲ್ಲಿ ಅಕ್ಕಿಯಿದೆಯೇ, ಹಾಗಾದರೆ ಇಲ್ಲದವರನ್ನು ನೋಡಿ ದೇವರಿಗೆ ವಂದನೆ ಹೇಳಿ ಎಂಬಂತಹವು. ಬೆಳಗಾದರೆ ಹತ್ತು ಬರುತ್ತಿದ್ದವು, ಹೂಗಳ ಚಿತ್ರ ಸಹಿತ.

ಈ ಪ್ರಾರ್ಥನೆಯನ್ನು ನಾವು ಮೊದಲೇ ಕೇಳಿದ್ದೇವೆ. ಸಂತ ಲೂಕರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಫರಿಸಾಯನು ದೇವಾಲಯಕ್ಕೆ ಹೋಗಿ ಪ್ರಾರ್ಥಿಸುವುದು ಕೃತಜ್ಞತಾ ಸ್ತುತಿಯನ್ನೇ! ಅವನು ಏನನ್ನೂ ಬೇಡುವುದಿಲ್ಲ, ಗೊಣಗುವುದಿಲ್ಲ. ತಾನು ಉಳಿದವರಂತೆ ಅಲ್ಲವೆಂಬುದಕ್ಕಾಗಿ ದೇವರಿಗೆ ವಂದನೆ ಸಲ್ಲಿಸುತ್ತಾನೆ. ಅವನ ಸ್ತುತಿ ನಿಲ್ಲಬೇಕಾದರೆ ಹಿಂದೆ ಒಬ್ಬ ಸುಂಕದವನು ತಲೆತಗ್ಗಿಸಿ ನಿಂತಿರಲೇಬೇಕು. ಆ ಸುಂಕದವನನ್ನು ಅಲ್ಲಿಂದ ತೆಗೆದುಬಿಡಿ, ಸ್ತುತಿಗೆ ಆಧಾರವೇ ಕುಸಿಯುತ್ತದೆ. ಇನ್ನೊಬ್ಬನ ಕೊರತೆಯನ್ನು ಅಳತೆಗೋಲಾಗಿ ಹಿಡಿದ ಕೃತಜ್ಞತೆ ಎಷ್ಟೇ ಭಕ್ತಿಯಿಂದ ಹೇಳಿದರೂ ಅಂತಹುದೇ. ಶುಭಸಂದೇಶವು ಫರಿಸಾಯನನ್ನು ಸುಳ್ಳುಗಾರನೆಂದು ಹೇಳುವುದಿಲ್ಲವೆಂಬುದನ್ನೂ ಗಮನಿಸಬೇಕು. ಅವನು ಹೇಳಿದ್ದೆಲ್ಲ ನಿಜವಿದ್ದೀತು. ನಮ್ಮ ಡಬ್ಬಿಯಲ್ಲಿ ಅಕ್ಕಿ ಇದ್ದುದೂ ನಿಜವೇ.

ಆ ದಿನಗಳಲ್ಲಿ ಹಿಂದೆ ನಿಂತಿದ್ದವರು ಯಾರು? ನಾವು ಒಟ್ಟಿಗೆ ಕುಳಿತು ಸಂತೋಷಪಟ್ಟ ಮನೆಯ ಗೋಡೆಗೆ ಗಾರೆ ಮೆತ್ತಿದವರು ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಕರಾವಳಿಗೆ ದುಡಿಯಲು ಬಂದವರು. ಅವರು ಬಸ್ಸಿಲ್ಲದ ನಿಲ್ದಾಣಗಳಲ್ಲಿ ಮೂಟೆಯ ಮೇಲೆ ಮಕ್ಕಳನ್ನು ಮಲಗಿಸಿದ್ದರು. ದೇಶದ ಹೆದ್ದಾರಿಗಳಲ್ಲಿ ಜನರು ನೂರಾರು ಮೈಲಿ ನಡೆದರು. ಮೇ 8ರ ಮುಂಜಾನೆ ಮಹಾರಾಷ್ಟ್ರದ ಔರಂಗಾಬಾದಿನ ಬಳಿ, ಊರಿಗೆ ನಡೆದು ಹೊರಟು ದಣಿದು ರೈಲುಹಳಿಯ ಮೇಲೆ ನಿದ್ರಿಸಿದ್ದ 16 ಕಾರ್ಮಿಕರ ಮೇಲೆ ಸರಕು ರೈಲು ಹರಿಯಿತು. ಅವರೂ ಮನೆಯವರೊಂದಿಗೆ ಒಟ್ಟಿಗಿರಲೆಂದೇ ಹೊರಟವರು.

ದೂರದ ಮಾತೇಕೆ? ನಮ್ಮ ಮಂಗಳೂರು ಧರ್ಮಪ್ರಾಂತ್ಯವು ದಕ್ಷಿಣ ಕನ್ನಡದೊಂದಿಗೆ ಕಾಸರಗೋಡು ಜಿಲ್ಲೆಯನ್ನೂ ಒಳಗೊಂಡಿದೆ. ಮಂಜೇಶ್ವರದವರಿಗೆ, ಬೇಳದವರಿಗೆ ಆಸ್ಪತ್ರೆಯೆಂದರೆ ಮಂಗಳೂರೇ. ಆ ಮಾರ್ಚಿನ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿತು; ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ರೋಗಿಗಳನ್ನು ಹೊತ್ತ ವಾಹನಗಳು ಹಿಂದಿರುಗಿದವು. ಕೆಲವರು ದಾರಿಯಲ್ಲೇ ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ರಸ್ತೆ ತೆರೆಯಿಸಲು ಕೇಂದ್ರಕ್ಕೆ ಸೂಚಿಸಬೇಕಾಯಿತು. ರೋಗವನ್ನು ತಡೆಯುವ ಹೊಣೆ ಆಡಳಿತಕ್ಕಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಡಯಾಲಿಸಿಸ್ ಬೇಕಾದವನನ್ನು, ಹೆರಿಗೆಯ ನೋವಿನಲ್ಲಿದ್ದವಳನ್ನು ಮಣ್ಣಿನ ದಿಬ್ಬದ ಆಚೆ ನಿಲ್ಲಿಸುವುದನ್ನು ಎಚ್ಚರಿಕೆಯೆಂದು ನಾನು ಕರೆಯಲಾರೆ. ಅದನ್ನು ಅಂದು ಸಮರ್ಥಿಸಿದವರಲ್ಲಿ ನಮ್ಮವರೂ ಇದ್ದರು.

ಇನ್ನು ಮನೆಯೊಳಗಿನ ಮಾತು. ‘ಎಲ್ಲರೂ ಒಟ್ಟಿಗಿದ್ದೆವು’ ಎಂಬುದು ಎಲ್ಲ ಮನೆಗಳಲ್ಲಿ ಒಂದೇ ಅರ್ಥ ಕೊಡುವುದಿಲ್ಲ. ಕೂಡಿಹಾಕುವುದು ಬೇರೆ, ಕೂಡಿಬಾಳುವುದು ಬೇರೆ. ಆ ವಾರಗಳಲ್ಲಿ ಮಹಿಳೆಯರ ದೂರುಗಳು ಹೆಚ್ಚಿದವೆಂದು ರಾಷ್ಟ್ರೀಯ ಮಹಿಳಾ ಆಯೋಗವೇ ಹೇಳಿತು. ಇನ್ನೊಂದೆಡೆ ಮದ್ಯದಂಗಡಿಗಳು ಮುಚ್ಚಿದ್ದ ಕಾರಣ, ಕುಡಿತದ ಮನೆಯ ಹೆಂಗಸರು ಕೆಲವರು ಮದುವೆಯಾದಂದಿನಿಂದ ಕಾಣದ ನೆಮ್ಮದಿಯನ್ನು ಕಂಡರು. ಮೇ 4ರಂದು ಅಂಗಡಿಗಳು ತೆರೆದವು, ಸೂರ್ಯ ಮೂಡುವ ಮೊದಲೇ ಸಾಲು ನಿಂತಿತು, ನೆಮ್ಮದಿ ಮುಗಿಯಿತು. ಮಗ ಕುವೈಟಿನಲ್ಲಿ, ಮಗಳು ಮಸ್ಕತ್ತಿನ ಆಸ್ಪತ್ರೆಯಲ್ಲಿ ದಾದಿ, ಅಳಿಯ ಹಡಗಿನಲ್ಲಿ ಎಂಬಂತಹ ನಮ್ಮ ನೂರಾರು ಮನೆಗಳಲ್ಲಿ ‘ಒಟ್ಟಿಗೆ’ ಎಂಬ ಪದಕ್ಕೇ ಅರ್ಥವಿರಲಿಲ್ಲ. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಇಳಿದದ್ದು ಮೇ 12ರಂದು. ಅಲ್ಲಿಯವರೆಗೆ ಆ ತಾಯಂದಿರು ಜಪಮಾಲೆಯ ಮಣಿ ಎಣಿಸಿದ ಬಗೆಯೇ ಬೇರೆ.

ಹಾಗಾದರೆ ಕೃತಜ್ಞತೆಯೆಂದರೇನು? ನಮ್ಮ ಭಾಷೆಯ ಶಬ್ದವೇ ದಾರಿ ತೋರಿಸುತ್ತದೆ. ಕೃತಜ್ಞನೆಂದರೆ ಕೃತವನ್ನು, ಅಂದರೆ ತನಗಾಗಿ ಮಾಡಲ್ಪಟ್ಟುದನ್ನು, ತಿಳಿದವನು. ಅದರ ವಿರುದ್ಧ ಪದ ಕೃತಘ್ನ: ಮಾಡಿದ್ದನ್ನು ಕೊಲ್ಲುವವನು. ನಡುವೆ ಇನ್ನೊಂದು ಸ್ಥಿತಿಯಿಲ್ಲವೆಂಬಂತೆ ಭಾಷೆ ಈ ಎರಡೇ ಪದಗಳನ್ನು ನಮಗಿತ್ತಿದೆ. ಅಕ್ವಿನಾದ ಸಂತ ತೋಮಾಸರು ತಮ್ಮ ದೇವಶಾಸ್ತ್ರದ ಮಹಾಗ್ರಂಥದಲ್ಲಿ ಕೃತಜ್ಞತೆಯನ್ನು ನ್ಯಾಯದ ಜೊತೆಗಾರ ಸದ್ಗುಣವೆಂದು ಎಣಿಸಿ, ಅದಕ್ಕೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಉಪಕಾರವನ್ನು ಗುರುತಿಸುವುದು ಮೊದಲನೆಯದು. ಬಾಯಿಬಿಟ್ಟು ವಂದಿಸುವುದು ಎರಡನೆಯದು. ತಕ್ಕ ಸ್ಥಳದಲ್ಲಿ, ತಕ್ಕ ಕಾಲದಲ್ಲಿ, ಶಕ್ತ್ಯನುಸಾರ ಮರಳಿಸುವುದು ಮೂರನೆಯದು. ಗಮನಿಸಿ, ಅದನ್ನು ಅವರು ಇರಿಸಿರುವುದು ನ್ಯಾಯದ ಪಕ್ಕದಲ್ಲಿ. ಅದು ಮನಸ್ಸಿನ ಒಂದು ಹಿತವಾದ ಅನುಭವ ಮಾತ್ರವಲ್ಲ, ಸಲ್ಲಬೇಕಾದುದು. ನಮ್ಮ ಹಿರಿಯರು ಋಣವೆನ್ನುತ್ತಿದ್ದುದು ಇದನ್ನೇ.

ಮೊದಲ ಮೆಟ್ಟಿಲನ್ನು ಆ ನಲವತ್ತು ದಿನಗಳು ನಮ್ಮಿಂದ ಹತ್ತಿಸಿದವೆಂಬುದು ಸತ್ಯ. ಅಡುಗೆಮನೆಯಲ್ಲಿ ದಿನಕ್ಕೆ ಎಷ್ಟು ಪಾತ್ರೆ ಬೀಳುತ್ತದೆಂದು ಗಂಡಸರು ಅರಿತದ್ದು ಕೆಲಸದ ಹೆಂಗಸು ಬಾರದಾದಾಗ. ಕಸ ಒಯ್ಯುವ ಪೌರಕಾರ್ಮಿಕರು, ಹಾಲು ತರುವ ಹುಡುಗ, ಜ್ವರ ಇದೆಯೇ ಎಂದು ಕೇಳುತ್ತ ಮನೆಮನೆಗೆ ಬಂದ ಆಶಾ ಕಾರ್ಯಕರ್ತೆ, ಇವರೆಲ್ಲ ಇದ್ದಕ್ಕಿದ್ದಂತೆ ನಮ್ಮ ಕಣ್ಣಿಗೆ ಬಿದ್ದರು. ಮಾರ್ಚ್ 27ರ ಸಂಜೆ, ಮಳೆಯಲ್ಲಿ ತೋಯುತ್ತಿದ್ದ ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಒಂಟಿಯಾಗಿ ನಿಂತ ಪೋಪ್ ಫ್ರಾನ್ಸಿಸರು, ಬಿರುಗಾಳಿಗೆ ಸಿಕ್ಕಿದ ದೋಣಿಯ ಪ್ರಸಂಗವನ್ನು ಧ್ಯಾನಿಸುತ್ತ ಹೇಳಿದ ಮಾತಿನ ಸಾರವೂ ಇದೇ: ನಮ್ಮ ಬದುಕನ್ನು ಹಿಡಿದು ನಿಲ್ಲಿಸಿರುವವರು ಪತ್ರಿಕೆಯ ಮೊದಲ ಪುಟದಲ್ಲಿ ಕಾಣಿಸುವವರಲ್ಲ, ವೈದ್ಯರು, ದಾದಿಯರು, ಅಂಗಡಿಯ ನೌಕರರು, ಗುಡಿಸುವವರು, ಸಾಗಾಟದವರು. ಅವರ ಪಕ್ಕದಲ್ಲಿ ಅಂದು ಇರಿಸಿದ್ದ ಸಂತ ಮಾರ್ಸೆಲ್ಲೋ ದೇವಾಲಯದ ಶಿಲುಬೆಯನ್ನು 1522ರ ಪ್ಲೇಗಿನಲ್ಲಿ ರೋಮಿನ ಜನರು ಬೀದಿಬೀದಿಗೆ ಹೊತ್ತಿದ್ದರು. 2025ರ ಏಪ್ರಿಲ್ 21ರಂದು ಪ್ರಭುವಿನಲ್ಲಿ ವಿಶ್ರಮಿಸಿದ ಆ ಜಗದ್ಗುರುವನ್ನು ನೆನೆದಾಗ ನನ್ನ ಕಣ್ಮುಂದೆ ಬರುವುದು ಆ ಸಂಜೆಯೇ.

ಎರಡನೆಯ ಮೆಟ್ಟಿಲೂ ಆಯಿತು. ಚಪ್ಪಾಳೆ ತಟ್ಟಿದೆವು, ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಹಚ್ಚಿದೆವು. ಅಂದು ಗರಿಗಳ ಭಾನುವಾರ. ಹೊಸನ್ನವೆಂದು ಕೂಗಿದ ಜನರೇ ಐದು ದಿನಗಳಲ್ಲಿ ಬೇರೆ ಕೂಗು ಹಾಕಿದ ಕಥೆ ನಮಗೆ ಗೊತ್ತಿದೆ. ಅದೇ ಏಪ್ರಿಲಿನಲ್ಲಿ, ಯಾರಿಗಾಗಿ ಚಪ್ಪಾಳೆ ತಟ್ಟಿದೆವೋ ಆ ವೈದ್ಯರಿಗೆ, ದಾದಿಯರಿಗೆ ಬಾಡಿಗೆ ಮನೆ ಬಿಡುವಂತೆ ಹೇಳಿದವರಿದ್ದರು. ಚೆನ್ನೈಯಲ್ಲಿ ಕೋವಿಡ್‌ನಿಂದ ಮೃತರಾದ ಕ್ರೈಸ್ತ ವೈದ್ಯರೊಬ್ಬರನ್ನು ಹೂಳಲು ಕೊಂಡೊಯ್ದಾಗ ಗುಂಪೊಂದು ಕಲ್ಲು ತೂರಿ ಓಡಿಸಿತು. ಜೊತೆಗಾರ ವೈದ್ಯರೊಬ್ಬರು ರಾತ್ರಿಯಲ್ಲಿ ತಾವೇ ಮಣ್ಣು ಎಳೆದು ಸಮಾಧಿ ಮುಚ್ಚಬೇಕಾಯಿತು. ನಮ್ಮ ಜಿಲ್ಲೆಯಲ್ಲೂ ವೃದ್ಧೆಯೊಬ್ಬರ ಶವವು ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಅಲೆಯಿತು. ಇದು ಕೃತಘ್ನತೆ, ಪದದ ಪೂರ್ಣ ಅರ್ಥದಲ್ಲಿ.

ಮೂರನೆಯ ಮೆಟ್ಟಿಲ ಬಳಿ ನಾವು ಇನ್ನೂ ನಿಂತೇ ಇದ್ದೇವೆ. ಸಂತ ಲೂಕರ 17ನೇ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳು ಊರ ಹೊರಗೆ, ದೂರದಲ್ಲಿ ನಿಂತೇ ಪ್ರಭುವನ್ನು ಕೂಗುತ್ತಾರೆ. ಅಂತರ ಕಾಯ್ದುಕೊಳ್ಳುವ ಕಟ್ಟಳೆ ಅವರಿಗೂ ಇತ್ತು. ಹತ್ತು ಮಂದಿಯೂ ಗುಣವಾದರು. ಒಂಬತ್ತು ಮಂದಿ ದುಷ್ಟರೇನಲ್ಲ. ಬಹುಶಃ ಮನೆಗೆ, ಹೆಂಡತಿ ಮಕ್ಕಳ ಬಳಿಗೆ ಓಡಿದರು. ವರ್ಷಗಟ್ಟಲೆ ಊರ ಹೊರಗಿದ್ದವರು ಮನೆಗೆ ಓಡುವುದು ತಪ್ಪೇ? ಹಿಂದಿರುಗಿ ಬಂದ ಒಬ್ಬ ಸಮಾರಿಯದವನು ಮಾತ್ರ ದಾರಿಯನ್ನು ಬದಲಿಸಿದನು. 2020ರ ಜೂನ್ 8ರಂದು ಚರ್ಚುಗಳ ಬಾಗಿಲು ತೆರೆದಾಗ, ಮುಂದೆ ಲಸಿಕೆ ಬಂದಾಗ, ನಾವೆಲ್ಲರೂ ನಮ್ಮ ನಮ್ಮ ಕೆಲಸಗಳಿಗೆ ಓಡಿದೆವು. ಹಿಂದಿರುಗಿದವರೆಷ್ಟು ಮಂದಿ?

ಮರಳಿಸುವುದೆಂದರೇನೆಂದು ತಿಳಿಯಲು ಮಂಗಳೂರಿನವರು ದೂರ ಹೋಗಬೇಕಾಗಿಲ್ಲ. ರೋಮಿನಲ್ಲಿ ರೋಗಿಗಳನ್ನು ಹೊತ್ತು ಸೇವೆಮಾಡಿ ಅದೇ ಸೋಂಕಿನಿಂದ 1591ರಲ್ಲಿ, 23ರ ವಯಸ್ಸಿನಲ್ಲಿ ಅಸುನೀಗಿದ ಲೂಯಿಸ್ ಗೊನ್ಜಾಗರ ಹೆಸರಿನಲ್ಲೇ ನಮ್ಮ ಸಂತ ಅಲೋಶಿಯಸ್ ಕಾಲೇಜು ಇದೆ. ಅಲ್ಲಿ ಓದಿದವರೆಷ್ಟೋ ಮಂದಿಗೆ ಈ ಸಂಗತಿ ತಿಳಿಯದು. ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದ ಜರ್ಮನಿಯ ಫಾದರ್ ಅಗಸ್ಟಸ್ ಮುಲ್ಲರ್, ಹತ್ತು ವರ್ಷಗಳಲ್ಲಿ ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿಸಿದರು. ಅವರ ಕಾಲದ ಜನರೂ ಸೋಂಕಿಗೆ ನಮ್ಮಷ್ಟೇ ಹೆದರುತ್ತಿದ್ದರು.

ಇಂದು ನಮ್ಮ ಪಾಲಿಗೆ ಬಂದಿರುವುದು ಅಷ್ಟು ದೊಡ್ಡದೇನಲ್ಲ. ಕರ್ನಾಟಕದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಚಪ್ಪಾಳೆಯ ಸದ್ದು ಅಡಗಿ ನಾಲ್ಕು ತಿಂಗಳಾಗುವ ಮೊದಲೇ, 2020ರ ಜುಲೈಯಲ್ಲಿ, ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯಿತು. 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ರಾತ್ರಿ ಕಳೆದರು. ನಮ್ಮ ವಾಳೆಯಲ್ಲಿರುವ ಆಶಾ ಕಾರ್ಯಕರ್ತೆಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ಗುರಿಕಾರರು ಮುಂದಿನ ಕೂಟದಲ್ಲಿ ಕೇಳಿ ನೋಡಲಿ. ಮೊಂತಿ ಹಬ್ಬದಂದು ನಾವು ಹೊಸ ತೆನೆಯ ಕಾಳನ್ನು ಮನೆಯವರಿಗೆಲ್ಲ ಹಂಚಿ, ದೂರದೂರಲ್ಲಿರುವ ಮಗನಿಗೂ ಲಕೋಟೆಯಲ್ಲಿ ಕಳುಹಿಸುತ್ತೇವೆ. ಮೇಜಿನಲ್ಲಿ ಇಲ್ಲದವನಿಗೂ ಪಾಲಿದೆಯೆಂಬ ಈ ಸೊಗಸಾದ ಲೆಕ್ಕ ನಮ್ಮದೇ. ಆ ಪಾಲನ್ನು ಒಂದು ಮನೆಯಾಚೆಗೆ ಒಯ್ಯಲು ಹೊಸ ದೇವಶಾಸ್ತ್ರವೇನೂ ಬೇಡ.

ಕೊನೆಯದಾಗಿ ಒಂದು ಲೌಕಿಕ ವಿಷಯ. 2020ರ ಮಾರ್ಚ್ 19ರ ಭಾಷಣದಲ್ಲಿ ಪ್ರಧಾನಿಯವರು, ಕೆಲಸಕ್ಕೆ ಬರಲಾಗದ ಮನೆಗೆಲಸದವರ ಸಂಬಳ ಕಡಿಯಬೇಡಿರೆಂದು ಕೇಳಿಕೊಂಡಿದ್ದರು. ನಮ್ಮ ಕುಟುಂಬಗಳಲ್ಲಿ ಅನೇಕರು ಹಾಗೆಯೇ ನಡೆದುಕೊಂಡರು. ಸದ್ದಿಲ್ಲದೆ ಲಕೋಟೆ ತಲುಪಿಸಿದವರನ್ನು ನಾನು ಬಲ್ಲೆ. ಕೆಲವರು ಹಾಗೆ ಮಾಡಲಿಲ್ಲ. ಅಂದು ಕೈ ಬಿಗಿಯಾಗಿತ್ತು, ತಮ್ಮದೇ ಸಂಬಳ ಅರ್ಧವಾಗಿತ್ತು ಎನ್ನುತ್ತಾರೆ, ನಂಬುತ್ತೇನೆ. ಉಪಕಾರವನ್ನು ಮರಳಿಸಲು ತಕ್ಷಣವೇ ಧಾವಿಸಬೇಕೆಂದಿಲ್ಲ, ಹೃದಯ ಕೂಡಲೇ ಒಪ್ಪಿದರೆ ಕೈ ತಕ್ಕ ಕಾಲವನ್ನು ಕಾಯಬಹುದೆಂದು ಸಂತ ತೋಮಾಸರೂ ಅವಕಾಶ ಕೊಟ್ಟಿದ್ದಾರೆ. ಈಗ ಅದೇ ಮನೆಗಳಲ್ಲಿ ಹೊಸ ಕಾರು ಬಂದಿದೆ, ಮೇಲ್ಮಹಡಿ ಎದ್ದಿದೆ. ಏಪ್ರಿಲ್ ಒಂದು, ಮೇ ಒಂದು, ಒಟ್ಟು ಎರಡು ತಿಂಗಳ ಸಂಬಳ. ಆ ಹೆಂಗಸು ಇಂದಿಗೂ ಹಿಂಬಾಗಿಲಿನಿಂದ ಬಂದು ಅದೇ ಪಾತ್ರೆಗಳನ್ನು ತೊಳೆಯುತ್ತಿದ್ದಾಳೆ.